ಮೈಲಿ ಉಂಟು, ಮಡಿ ಇಲ್ಲ

ನಮ್ಮ ಭಾವನ ಖಾತೆಯಲ್ಲಿ ಒಂದು ಲಕ್ಷ ಹನ್ನೆರಡು ಸಾವಿರ ಮೈಲಿ ಇತ್ತು. ಅಷ್ಟು ದೂರ ಅವರು ಹಾರಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಇವತ್ತಿಗೂ ಕೆಂಪು ಬಸ್ಸಿನಲ್ಲೇ ಬರುತ್ತಾರೆ. ಮೈಲಿ ಬಂದದ್ದು ಕ್ರೆಡಿಟ್ ಕಾರ್ಡಿನಿಂದ. ಪೆಟ್ರೋಲು, ದಿನಸಿ, ಮಗಳ ಮದುವೆಯ ಛತ್ರ, ಬೀಗರಿಗೆ ಕೊಟ್ಟ ಸೀರೆ. ಎಲ್ಲಕ್ಕೂ ಒಂದೇ ಕಾರ್ಡು ಉಜ್ಜಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್. ನಾಲ್ಕಾಣೆ ಲೆಕ್ಕವನ್ನೂ ಬಿಡುವವರಲ್ಲ.

ಕಳೆದ ವರ್ಷ ಇಬ್ಬರೂ ದೆಹಲಿಗೆ ಹೊರಟಿದ್ದೆವು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. ಮೇಲೆ ಬಿದಿರಿನ ಚಾವಣಿ, ಅಲ್ಲಲ್ಲಿ ತೂಗುಬಿಟ್ಟ ಗಿಡ. ಭಾವ ಎದೆಯುಬ್ಬಿಸಿ ವಿಮಾನ ಕಂಪನಿಯ ಲೌಂಜಿನ ಬಾಗಿಲಿಗೆ ನಡೆದರು. ಬ್ಯಾಂಕ್ ಕಾರ್ಡಿನವರ ಲೌಂಜ್ ಬೇರೆ. ಅಲ್ಲಿನ ಸಾಲು ಧರ್ಮಸ್ಥಳದ ಊಟದ ಸಾಲನ್ನು ನೆನಪಿಸುತ್ತಿತ್ತು. ಒಂದೇ ವ್ಯತ್ಯಾಸ. ಧರ್ಮಸ್ಥಳದಲ್ಲಿ ಎಲೆ ಹಾಕುವ ಮುಂಚೆ ಕಾರ್ಡು ಕೇಳುವುದಿಲ್ಲ.

"ನಿಮ್ ಸ್ಟೇಟಸ್ ಏನು ಸರ್?" ಬಾಗಿಲಲ್ಲಿದ್ದ ಹುಡುಗಿ ಕೇಳಿದಳು.

"ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್."

"ಅದಲ್ಲ ಸರ್. ಕಾರ್ಡ್ ಯಾವ ಕಲರ್?"

"ಕಲರ್ ಯಾಕಮ್ಮ? ಲಕ್ಷದ ಹನ್ನೆರಡು ಸಾವಿರ ಮೈಲಿ ಇದೆ. ಇಲ್ಲಿ ನೋಡು." ಭಾವ ಫೋನು ಚಾಚಿದರು.

"ಅದು ಮೈಲ್ಸು ಸರ್. ಇಲ್ಲಿಗೆ ಸ್ಟೇಟಸ್ ಬೇಕು. ನೀವು ಬೇಸ್ ಮೆಂಬರ್."

"ಬೇಸ್ ಅಂದ್ರೆ?"

ಅವಳು ಯೋಚಿಸಿದಳು. ಹೇಳದಿರುವುದೇ ವಾಸಿ ಅನ್ನಿಸಿರಬೇಕು. "ಆ ಕಡೆ ಕಾಫಿ ಸಿಗುತ್ತೆ ಸರ್," ಅಂದಳು.

ನಮ್ಮ ಹಿಂದೆ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕಾಲಿಗೆ ಹವಾಯಿ ಚಪ್ಪಲಿ. ಫೋನು ತೋರಿಸಿದ. ಚಿನ್ನದ ಬಣ್ಣ ಮಿನುಗಿತು. ಬಾಗಿಲು ತಾನಾಗಿಯೇ ತೆರೆದುಕೊಂಡಿತು.

"ನಿನ್ನ ಹತ್ರ ಎಷ್ಟು ಮೈಲಿ ಇದೆಯಪ್ಪ?" ಭಾವ ಬಿಡಲಿಲ್ಲ.

"ಏನೂ ಇಲ್ಲ ಅಂಕಲ್. ಎಲ್ಲಾ ಹನಿಮೂನಿಗೆ ಬಾಲಿಗೆ ಹೋಗಿ ಖಾಲಿ," ಅಂದು ಒಳಗೆ ಹೋದ. ಇಡ್ಲಿಯ ಹಬೆ ಒಂದು ಕ್ಷಣ ಹೊರಗೆ ಬಂತು. ಬಾಗಿಲು ಮುಚ್ಚಿಕೊಂಡಿತು.

"ಏನಯ್ಯಾ ಇದು?" ಭಾವ ನನ್ನ ಕಡೆ ತಿರುಗಿದರು. "ಇರೋನನ್ನ ಹೊರಗೆ ನಿಲ್ಲಿಸ್ತಾರೆ. ಖಾಲಿ ಮಾಡ್ಕೊಂಡೋನನ್ನ ಒಳಗೆ ಬಿಡ್ತಾರೆ. ನಮ್ಮ ಬ್ಯಾಂಕಲ್ಲಿ ಹೀಗೆ ಮಾಡಿದ್ರೆ ಸಸ್ಪೆಂಡ್ ಮಾಡ್ತಿದ್ರು."

"ಭಾವ, ನಿಮ್ಮ ಹತ್ತಿರ ಮೈಲಿ ಉಂಟು. ಮಡಿ ಇಲ್ಲ," ಅಂದೆ.

ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ವಿಮಾನ ಕಂಪನಿ ನಮ್ಮ ಹೆಸರಿನಲ್ಲಿ ಎರಡು ಪುಸ್ತಕ ಇಟ್ಟಿರುತ್ತದೆ. ಒಂದು ನಮ್ಮ ಆಸೆಯ ಲೆಕ್ಕ. ಇನ್ನೊಂದು ನಮ್ಮ ಹಮ್ಮಿನ ಲೆಕ್ಕ. ಮೊದಲನೆಯದಕ್ಕೆ ಮೈಲಿ ಎನ್ನುತ್ತಾರೆ, ಪಾಯಿಂಟು ಎನ್ನುತ್ತಾರೆ. ಎರಡನೆಯದಕ್ಕೆ ಎಲೀಟ್ ಸ್ಟೇಟಸ್ ಎಂದು ಹೆಸರು. ಸಿಲ್ವರು, ಗೋಲ್ಡು, ಪ್ಲಾಟಿನಮ್ಮು. ಚಿನ್ನಾಭರಣದ ಅಂಗಡಿಯ ಬೋರ್ಡಿನಂತೆ ಕಾಣುತ್ತದೆ. ಆದರೆ ಅಡವಿಟ್ಟರೆ ಯಾರೂ ಐದು ಪೈಸೆ ಕೊಡುವುದಿಲ್ಲ.

ಮೈಲಿ ಎಂದರೆ ಕೂಪನ್ನು. ವಿಮಾನ ಹತ್ತಿದರೆ ಸಿಗುತ್ತದೆ, ಹತ್ತದಿದ್ದರೂ ಸಿಗುತ್ತದೆ. ಕಾರ್ಡು ಉಜ್ಜಿದರೆ, ಹೋಟೆಲಿನಲ್ಲಿ ಮಲಗಿದರೆ, ಆನ್‌ಲೈನಿನಲ್ಲಿ ಮಿಕ್ಸಿ ಕೊಂಡರೆ. ಕೆಲವು ಕಂಪನಿಗಳು ಮೈಲಿಯನ್ನೇ ರಿಯಾಯಿತಿ ದರದಲ್ಲಿ ಮಾರುತ್ತವೆ. ಅದನ್ನು ಕೊಟ್ಟು ಟಿಕೆಟ್ಟು ತಗೊಳ್ಳಬಹುದು. ಹೆಂಡತಿಗೂ ಕೊಡಿಸಬಹುದು. ಬಳಸಿದರೆ ಮುಗಿಯುತ್ತದೆ. ಬಳಸದಿದ್ದರೂ ಎಷ್ಟೋ ಕಂಪನಿಗಳು ಒಂದು ದಿನ ಮುಗಿಸುತ್ತವೆ.

ಸ್ಟೇಟಸ್ ಎಂದರೆ ಮಡಿ. ಅದನ್ನು ಖರ್ಚು ಮಾಡಲಾಗದು, ದಾನ ಮಾಡಲಾಗದು, ಮಗನ ಹೆಸರಿಗೆ ಬರೆಯಲಾಗದು. ಅದಕ್ಕೆ ಬೇರೆಯೇ ಅಂಕ. ಒಂದು ವರ್ಷದೊಳಗೆ ಇಷ್ಟು ಹಾರಬೇಕು, ಇಷ್ಟು ಸುರಿಯಬೇಕು. ಆಗ ಸಾಲು ಬೇರೆ, ಲೌಂಜು ಬೇರೆ, ಪೆಟ್ಟಿಗೆಗೆ ಕಟ್ಟುವ ಚೀಟಿಯ ಬಣ್ಣವೂ ಬೇರೆ. ವರ್ಷ ಮುಗಿದರೆ ಅಂಕ ಸೊನ್ನೆ. ಮತ್ತೆ ಮೊದಲಿನಿಂದ ವ್ರತ.

ನಮ್ಮಜ್ಜಿಯ ಮಡಿ ವಾಸಿಯಿತ್ತು. ಒಂದು ಬಿಂದಿಗೆ ತಣ್ಣೀರಿಗೆ ಸಿಗುತ್ತಿತ್ತು. ಯಾಕೆ ಮುಟ್ಟಬಾರದು ಎಂದು ಕೇಳಿದರೆ ಶಾಸ್ತ್ರ ಎನ್ನುತ್ತಿದ್ದಳು. ಕಂಪನಿ ನಿಯಮ ಮತ್ತು ಷರತ್ತು ಎನ್ನುತ್ತದೆ. ಅಜ್ಜಿ ಶಾಸ್ತ್ರವನ್ನು ಮಧ್ಯರಾತ್ರಿ ಬದಲಾಯಿಸಿ ಬೆಳಿಗ್ಗೆ ಇ-ಮೇಲ್ ಕಳಿಸುತ್ತಿರಲಿಲ್ಲ.

ಈ ಪುರಾಣ ಶುರುವಾದದ್ದು ಅಮೆರಿಕದಲ್ಲಿ. 1978ರಲ್ಲಿ ಅಲ್ಲಿನ ಸರ್ಕಾರ ವಿಮಾನ ದರದ ಮೇಲಿನ ಹಿಡಿತ ಬಿಟ್ಟಿತು. ಕಂಪನಿಗಳು ಒಂದರ ಮೇಲೊಂದು ಬಿದ್ದು ಗ್ರಾಹಕರನ್ನು ಕಸಿಯತೊಡಗಿದವು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಯೋಜನೆ ಹೊರಡಿಸಿತು. ಹಾರಿದಷ್ಟು ಮೈಲಿ ಜಮೆ. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ತನ್ನದೊಂದನ್ನು ತಂದಿತು.

ಲೆಕ್ಕ ಸರಳವಿತ್ತು. ಟಿಕೆಟ್ಟಿನ ದುಡ್ಡು ಆಫೀಸಿನದು. ಟಿಕೆಟ್ಟು ಆರಿಸುವವನು ನೌಕರ. ಅವನ ಜೇಬಿಗೆ ಏನಾದರೂ ಇಟ್ಟರೆ ಅವನು ಅಗ್ಗದ ವಿಮಾನದ ಕಡೆ ನೋಡುವುದಿಲ್ಲ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಇದಕ್ಕೆ ಒಂದು ಹೆಸರಿದೆ. ಅಲ್ಲಿ ಮೇಜಿನ ಕೆಳಗೆ ನಡೆಯುತ್ತದೆ. ಇಲ್ಲಿ ಮೇಜಿನ ಮೇಲೆ ನಡೆಯುತ್ತದೆ, ನಿಷ್ಠೆಗೆ ಗೌರವ ಎನ್ನುತ್ತಾರೆ.

ಆಗ ಮೈಲಿ ಎಂದರೆ ಮೈಲಿಯೇ. ಸಾವಿರ ಹಾರಿದರೆ ಸಾವಿರ. ಈಗ ಹಾಗಿಲ್ಲ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ ದೂರ ಅಳೆಯುವುದನ್ನು ಬಿಟ್ಟವು. ಜೇಬು ಅಳೆಯತೊಡಗಿದವು. ಎಷ್ಟು ದೂರ ಹೋದೆ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಕೊಟ್ಟೆ ಎಂದು ಕೇಳುತ್ತಾರೆ. ಹೆಸರು ಮಾತ್ರ ಇನ್ನೂ ಮೈಲಿ. ನಮ್ಮ ದೇಶ ಮೈಲಿ ಬಿಟ್ಟು ಕಿಲೋಮೀಟರಿಗೆ ಬಂದು ಎಷ್ಟೋ ಕಾಲವಾಯಿತು. ಕಂಪನಿ ಮೈಲಿಯನ್ನೂ ಬಿಟ್ಟಿತು, ಕಿಲೋಮೀಟರನ್ನೂ ಮುಟ್ಟಲಿಲ್ಲ.

ಇನ್ನು ಮೈಲಿಗೆ ಸಿಗುವ ಉಚಿತ ಟಿಕೆಟ್ಟು. ಉಚಿತ ಎಂದರೆ ತೆರಿಗೆ ನಿಮ್ಮದು, ನಿಲ್ದಾಣದ ಶುಲ್ಕ ನಿಮ್ಮದು, ಎಷ್ಟೋ ಕಡೆ ಇಂಧನದ ಸರ್‌ಚಾರ್ಜೂ ನಿಮ್ಮದು. ದೀಪಾವಳಿಗೆ ಸೀಟಿಲ್ಲ. ಬೇಸಿಗೆ ರಜೆಗೆ ಸೀಟಿಲ್ಲ. ಮಂಗಳವಾರ ನಡುರಾತ್ರಿ, ಎರಡು ಕಡೆ ವಿಮಾನ ಬದಲಿಸಿ ಹೋಗುವುದಾದರೆ ಸೀಟಿದೆ. ಸೀಟಿನ ಬೆಲೆ ಎಷ್ಟು ಮೈಲಿ ಎಂದು ಮೊದಲು ಪಟ್ಟಿ ಇರುತ್ತಿತ್ತು. ಡೆಲ್ಟಾ 2015ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಟೊಮೆಟೊ ಮಾರುವವನೂ ಬೆಳಿಗ್ಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದರ ಬರೆಯುತ್ತಾನೆ.

ಮೈಲಿಯೆಂಬ ಈ ನೋಟು ಮುದ್ರಿಸುವವರು ಕಂಪನಿಯವರು. ಬೆಲೆ ಕಟ್ಟುವವರು ಅವರು. ಬೆಲೆ ಇಳಿಸುವವರು ಅವರು. ಅವಧಿ ಮುಗಿಯಿತು ಎಂದು ಹರಿದು ಹಾಕುವವರೂ ಅವರೇ. ಯಾವ ರಿಸರ್ವ್ ಬ್ಯಾಂಕ್ ಗವರ್ನರಿಗೂ ಇಷ್ಟು ಸುಖವಿಲ್ಲ.

ಸುಖ ಎಷ್ಟೆಂದು ನಿಜವಾಗಿ ತಿಳಿದದ್ದು 2020ರಲ್ಲಿ. ಕೊರೊನಾ ಬಂತು. ವಿಮಾನಗಳು ನಿಂತವು. ಯುನೈಟೆಡ್ ಸಾಲಕ್ಕೆ ಹೋಯಿತು. ಅಡವಿಗೆ ಇಟ್ಟದ್ದು ಏನು? ಮೈಲಿಯ ಯೋಜನೆ. ಅದಕ್ಕೆ ಕಟ್ಟಿದ ಬೆಲೆ ಸುಮಾರು 22 ಶತಕೋಟಿ ಡಾಲರ್. ಆ ಹೊತ್ತಿನಲ್ಲಿ ಷೇರುಪೇಟೆಯಲ್ಲಿ ಇಡೀ ಕಂಪನಿಗಿದ್ದ ಬೆಲೆಗಿಂತ ಹೆಚ್ಚು. ರೆಕ್ಕೆ, ಎಂಜಿನ್, ಪೈಲಟ್ಟು, ಗಗನಸಖಿ ಎಲ್ಲ ಸೇರಿದರೂ ಕೂಪನ್ ಪುಸ್ತಕಕ್ಕಿಂತ ಅಗ್ಗ.

ಗುಟ್ಟು ದೊಡ್ಡದೇನಲ್ಲ. ಕಂಪನಿ ಮೈಲಿಯನ್ನು ಬ್ಯಾಂಕಿಗೆ ಮಾರುತ್ತದೆ. ಬ್ಯಾಂಕು ಅದನ್ನು ತೋರಿಸಿ ನಮಗೆ ಕಾರ್ಡು ಮಾರುತ್ತದೆ. ನಾವು ಬೇಡದ ಸೋಫಾ ಕೊಳ್ಳುತ್ತೇವೆ. ಮೂವರೂ ಗೆದ್ದೆವು ಎಂದುಕೊಳ್ಳುತ್ತೇವೆ. ಇಬ್ಬರು ಗೆದ್ದಿರುತ್ತಾರೆ.

ಇಷ್ಟಾದರೂ ಮೈಲಿ ವಾಸಿ ಎನ್ನುತ್ತೇನೆ. ಅದು ಆಸೆ. ಆಸೆಗೆ ಮಿತಿ ಉಂಟು. ಹಮ್ಮಿಗೆ ಇಲ್ಲ. ಕಂಪನಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು.

ಡಿಸೆಂಬರ್ ಬಂದರೆ ನೋಡಿ. ಗೋಲ್ಡಿಗೆ ನಾಲ್ಕು ಹಾರಾಟ ಬಾಕಿ ಇರುವವರು ತಿರುಗಾಟಕ್ಕೆ ಬೀಳುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು. ಊರು ನೋಡುವುದಿಲ್ಲ. ನಿಲ್ದಾಣದಿಂದ ಹೊರಗೂ ಬರುವುದಿಲ್ಲ. ಮುಂದಿನ ವರ್ಷ ಲೌಂಜಿನಲ್ಲಿ ಪುಕ್ಕಟೆ ಉಪ್ಪಿಟ್ಟು ತಿನ್ನಲು ಈ ವರ್ಷ ಮೂವತ್ತು ಸಾವಿರ ಖರ್ಚು. ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗದೆ ಬರುವವನನ್ನು ನಮ್ಮ ಊರಿನಲ್ಲಿ ಏನೆನ್ನುತ್ತಾರೆ ಎಂದು ಇಲ್ಲಿ ಬರೆಯಲಾರೆ.

ಇದೇ ಕಂಪನಿಗಳು ಭೂಮಿ ಉಳಿಸಿ ಎಂದು ಸೀಟಿನ ಜೇಬಿನಲ್ಲಿ ಹಸಿರು ಕಾಗದ ಇಡುತ್ತವೆ. ಪ್ಲಾಸ್ಟಿಕ್ ಕಡ್ಡಿಯ ಬದಲು ಮರದ ಕಡ್ಡಿ ಕೊಡುತ್ತವೆ. ಬ್ರಿಟನ್ನಿನ ಹವಾಮಾನ ಸಮಿತಿಗಾಗಿ 2019ರಲ್ಲಿ ಸಿದ್ಧವಾದ ಒಂದು ವರದಿ ನೇರವಾಗಿ ಹೇಳಿತು. ಜನರನ್ನು ಬೇಡದ ಹಾರಾಟಕ್ಕೆ ಎಳೆಯುವ ಈ ಯೋಜನೆಗಳನ್ನು ನಿಷೇಧಿಸಿ ಎಂದಿತು. ವರದಿ ಇದೆ. ಯೋಜನೆಗಳೂ ಇವೆ. ಮರದ ಕಡ್ಡಿಯೂ ಇದೆ.

ಮೈಲಿ ಮತ್ತು ಮಡಿಯ ನಡುವಿನ ಗೋಡೆ ಎಷ್ಟು ಪವಿತ್ರ ಎಂದು ಕೇಳುತ್ತೀರಾ? ಪಾಯಸದ ಕಥೆ ಕೇಳಿ. 1999ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಎಂಜಿನಿಯರ್ ಅಂಗಡಿಯ ಕಪಾಟಿನಲ್ಲಿ ಒಂದು ಕೊಡುಗೆ ಕಂಡ. ತಿಂಡಿಯ ಬಾರ್‌ಕೋಡು ಕತ್ತರಿಸಿ ಕಳಿಸಿದರೆ ಮೈಲಿ. ಅತ್ಯಂತ ಅಗ್ಗದ ತಿಂಡಿ ಯಾವುದು ಎಂದು ಹುಡುಕಿದ. ಪುಡಿಂಗ್. ಒಂದು ಲೋಟಕ್ಕೆ 25 ಸೆಂಟು. 12,150 ಲೋಟ ಕೊಂಡ. ಖರ್ಚು ಸುಮಾರು 3,140 ಡಾಲರ್. ಬಂದ ಮೈಲಿ ಹನ್ನೆರಡೂವರೆ ಲಕ್ಷ. ಪುಡಿಂಗನ್ನು ಧರ್ಮಸಂಸ್ಥೆಗೆ ಕೊಟ್ಟ. ಬಾರ್‌ಕೋಡು ಕೀಳುವ ಕೆಲಸವನ್ನು ಅಲ್ಲಿನವರಿಂದಲೇ ಮಾಡಿಸಿದ. ದಾನಕ್ಕೆ ತೆರಿಗೆ ವಿನಾಯಿತಿಯನ್ನೂ ಪಡೆದ. ನಮ್ಮ ಭಾವ ಇವನ ಫೋಟೋಕ್ಕೆ ಹಾರ ಹಾಕಬೇಕು.

ತಮಾಷೆ ಇರುವುದು ಮುಂದೆ. ಆಗ ಅಮೆರಿಕನ್ ಏರ್‌ಲೈನ್ಸಿನಲ್ಲಿ ಹತ್ತು ಲಕ್ಷ ಮೈಲಿ ದಾಟಿದವನಿಗೆ ಜೀವನಪೂರ್ತಿ ಗೋಲ್ಡ್. ಮೈಲಿ ಎಲ್ಲಿಂದ ಬಂತು ಎಂದು ಕೇಳುತ್ತಿರಲಿಲ್ಲ. ಹಾಗಾಗಿ ಪುಡಿಂಗಿನವನು ಸಾಯುವ ತನಕ ಗೋಲ್ಡ್. ಮಡಿಯ ಗೋಡೆಯಲ್ಲಿ ಪುಡಿಂಗು ತೂತು ಕೊರೆಯಿತು.

2011ರ ಕೊನೆಗೆ ಕಂಪನಿ ತೂತು ಮುಚ್ಚಿತು. ಇನ್ನು ಮುಂದೆ ಜೀವನಪೂರ್ತಿ ಗೌರವಕ್ಕೆ ನಿಜವಾಗಿ ಹಾರಿದ ಮೈಲಿ ಮಾತ್ರ ಎಂದಿತು. ಸರಿ, ಶಾಸ್ತ್ರ ಗಟ್ಟಿಯಾಯಿತು ಎಂದುಕೊಂಡೆವು. 2022ರಲ್ಲಿ ಅದೇ ಕಂಪನಿ ವರ್ಷ ವರ್ಷದ ಸ್ಟೇಟಸ್ಸಿಗೆ ಕಾರ್ಡು ಉಜ್ಜಿದ್ದೂ ನಡೆಯುತ್ತದೆ ಎಂದಿತು. ಈಗ ವಿಮಾನದ ಮೆಟ್ಟಿಲು ತುಳಿಯದವನೂ ಅಲ್ಲಿ ಪದೇಪದೇ ಹಾರುವವರ ಪೈಕಿ ಶ್ರೇಷ್ಠನಾಗಬಹುದು. ಪುಡಿಂಗು ಮೈಲಿಗೆ. ಬ್ಯಾಂಕು ಪಂಚಗವ್ಯ.

ಮಡಿ ಕೊಟ್ಟವನು ಕಿತ್ತುಕೊಳ್ಳಲೂ ಬಲ್ಲ. ಮಿನ್ನೆಸೋಟದ ಒಬ್ಬ ಯಹೂದಿ ಗುರು, ಗಿನ್ಸ್‌ಬರ್ಗ್. ನಾರ್ತ್‌ವೆಸ್ಟ್ ಕಂಪನಿಯಲ್ಲಿ ಪ್ಲಾಟಿನಮ್ ಎಲೀಟ್. 2008ರಲ್ಲಿ ಕಂಪನಿ ಅವರನ್ನು ಪಂಕ್ತಿಯಿಂದ ಎಬ್ಬಿಸಿತು. ತಪ್ಪೇನು? ಬಹಳ ದೂರು ಕೊಡುತ್ತಾರೆ. ಸುಮಾರು ಏಳು ತಿಂಗಳಲ್ಲಿ 24 ದೂರು. ಅದರಲ್ಲಿ ಒಂಬತ್ತು ಪೆಟ್ಟಿಗೆ ತಡವಾಗಿ ಬಂದದ್ದಕ್ಕೆ. ಪ್ಲಾಟಿನಮ್ ಸದಸ್ಯರ ಪೆಟ್ಟಿಗೆ, ಒಂಬತ್ತು ಸಲ ತಡ. ಕಂಪನಿಗೆ ಅದರಲ್ಲಿ ತಪ್ಪು ಕಂಡದ್ದು ಸದಸ್ಯರದು.

ಅವರು ಕೋರ್ಟಿಗೆ ಹೋದರು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಯೋಜನೆಯ ನಿಯಮದಲ್ಲಿ ಮೊದಲೇ ಬರೆದಿತ್ತು. ಯಾರನ್ನು ತೆಗೆಯಬೇಕು ಎನ್ನುವುದು ಕಂಪನಿಯ ಸ್ವಂತ ವಿವೇಚನೆ. ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕಿತ್ತು ಎಂಬ ಅವರ ವಾದ 1978ರ ಕಾನೂನಿನ ಮುಂದೆ ನಿಲ್ಲಲಿಲ್ಲ. ಕಂಪನಿಗಳನ್ನು ಬಿಡುಗಡೆ ಮಾಡಿದ ಕಾನೂನೇ ಅದು. ಬಿಡುಗಡೆ ಯಾರಿಗೆ ಎಂದು ಅವರಿಗೆ ಆ ದಿನ ತಿಳಿಯಿತು.

ಕೊಟ್ಟವರಿಗೇ ಈಗ ಇನ್ನೊಂದು ತಲೆನೋವು. ಮಡಿಯವರು ಹೆಚ್ಚಾದರು. ಲೌಂಜು ತುಂಬಿತು. ಎಲ್ಲರೂ ಮೊದಲ ಸಾಲಿನವರಾದರೆ ಮೊದಲ ಸಾಲೇ ಕೊನೆಯ ಸಾಲು. 2023ರ ಸೆಪ್ಟೆಂಬರಿನಲ್ಲಿ ಡೆಲ್ಟಾ ಕತ್ತರಿ ತೆಗೆಯಿತು. ಹಾರಿದ ದೂರ ಲೆಕ್ಕಕ್ಕಿಲ್ಲ, ದುಡ್ಡು ಮಾತ್ರ. ಎಲ್ಲಕ್ಕಿಂತ ಮೇಲಿನ ಡೈಮಂಡಿಗೆ 35,000 ಡಾಲರ್ ಎಂದಿತು. ಸದಸ್ಯರು ಬೊಬ್ಬೆ ಹಾಕಿದರು. ಅತಿ ಮಾಡಿಬಿಟ್ಟೆವು ಎಂದು ಮುಖ್ಯಸ್ಥ ಎಡ್ ಬಾಸ್ಟಿಯನ್ ಒಪ್ಪಿಕೊಂಡರು. ಮುಂದಿನ ತಿಂಗಳು ಅದು 28,000ಕ್ಕೆ ಇಳಿಯಿತು. ಸದಸ್ಯರು ಸಮಾಧಾನಗೊಂಡರು. ಇಪ್ಪತ್ತು ಲಕ್ಷ ರೂಪಾಯಿ ದಾಟುವ ಖರ್ಚಿಗೆ ರಿಯಾಯಿತಿ ಸಿಕ್ಕಿತು ಎಂದು ಸಮಾಧಾನ. ಚಿಕ್ಕಪೇಟೆಯ ವ್ಯಾಪಾರಿಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. ಅವನೂ ಮೊದಲು ಎರಡರಷ್ಟು ಹೇಳುತ್ತಾನೆ.

ಬ್ರಿಟಿಷ್ ಏರ್‌ವೇಸ್ ಎರಡು ಪುಸ್ತಕಗಳಿಗೆ ಎರಡು ಹೆಸರಿಟ್ಟಿದೆ. ಆಸೆಗೆ ಏವಿಯೋಸ್, ಹಮ್ಮಿಗೆ ಟೈರ್ ಪಾಯಿಂಟ್. ಅಷ್ಟರ ಮಟ್ಟಿಗೆ ಪ್ರಾಮಾಣಿಕರು. 2025ರ ಏಪ್ರಿಲಿನಿಂದ ಅಲ್ಲಿಯೂ ಪೌಂಡೇ ಪ್ರಮಾಣ. ಗೋಲ್ಡಿಗೆ 20,000 ಪಾಯಿಂಟು, ಒಂದು ಪೌಂಡಿಗೆ ಒಂದು ಪಾಯಿಂಟು, ತೆರಿಗೆ ಲೆಕ್ಕಕ್ಕಿಲ್ಲ. ಲಂಡನ್ನಿನಲ್ಲಿದ್ದು ವರ್ಷಕ್ಕೊಮ್ಮೆ ಅಪ್ಪ ಅಮ್ಮನ ಮುಖ ನೋಡಲು ಎಕಾನಮಿಯಲ್ಲಿ ಮೊಣಕಾಲು ಮಡಿಚಿಕೊಂಡು ಬೆಂಗಳೂರಿಗೆ ಬರುವವನು ಎಷ್ಟು ವರ್ಷ ನಿಷ್ಠನಾಗಿದ್ದರೂ ಗೋಲ್ಡ್ ಆಗಲಾರ. ನಿಷ್ಠೆಗೆ ಗೌರವ ಎಂದಿದ್ದರಲ್ಲ? ಆ ಮಾತಿಗೂ ಅವಧಿ ಮುಗಿಯಿತು.

ನಮ್ಮ ಊರಿನ ಕಥೆಗೆ ಬರೋಣ. ಬೆಂಗಳೂರಿನಲ್ಲೇ ನೆಲೆಯಿದ್ದ ಕಿಂಗ್‌ಫಿಶರ್. 2005ರಲ್ಲಿ ಹಾರಿತು. ಕೆಂಪು ಸೀಟು, ಕೆಂಪು ಲಂಗ, ಕೆಂಪು ಕಾರ್ಪೆಟ್ಟು. ಪ್ರಯಾಣಿಕ ಎನ್ನುತ್ತಿರಲಿಲ್ಲ, ಅತಿಥಿ ಎನ್ನುತ್ತಿದ್ದರು. ಕಿಂಗ್ ಕ್ಲಬ್ ಎಂದು ಸದಸ್ಯತ್ವ. ನಮ್ಮ ಎಷ್ಟೋ ಜನ ಆ ಕಾರ್ಡನ್ನು ಮತದಾರರ ಚೀಟಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು. 2012ರ ಅಕ್ಟೋಬರಿನಲ್ಲಿ ರೆಕ್ಕೆ ಮುಚ್ಚಿತು. ಮೈಲಿ ಹೋಯಿತು, ಮಡಿ ಹೋಯಿತು. ಕೇಳಲೂ ನಾಚಿಕೆ. ಅಲ್ಲಿ ದುಡಿದವರ ತಿಂಗಳುಗಟ್ಟಲೆ ಸಂಬಳವೇ ಬಾಕಿ ಇತ್ತು.

ಜೆಟ್ ಏರ್‌ವೇಸಿನ ಕಥೆ ಇನ್ನೂ ಪಾಠದಂಥದ್ದು. ಅದರ ಮೈಲಿಯ ಯೋಜನೆ ಬೇರೆಯೇ ಕಂಪನಿಯಾಗಿತ್ತು. ಅರ್ಧಕ್ಕಿಂತ ಒಂದು ಚೂರು ಹೆಚ್ಚು ಪಾಲು ಎತಿಹಾದ್ ಎಂಬ ಇನ್ನೊಂದು ವಿಮಾನ ಕಂಪನಿಯದು. 2019ರ ಏಪ್ರಿಲ್ 17ರಂದು ಜೆಟ್ಟಿನ ಕೊನೆಯ ವಿಮಾನ ಹಾರಿತು. ಮೈಲಿ ಮಾತ್ರ ಸಾಯಲಿಲ್ಲ. ಅದೇ ನವೆಂಬರಿನಲ್ಲಿ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಎದ್ದು ಕುಳಿತಿತು. ಗಂಡ ಸತ್ತ, ತಾಳಿ ಓಡಾಡಿಕೊಂಡಿತ್ತು.

ಪ್ಲಾಟಿನಮ್ ಕಾರ್ಡಿನವರನ್ನು ನೆನೆಸಿಕೊಳ್ಳಿ. ಮೈಲಿಗೆ ಕುಕ್ಕರಾದರೂ ಬಂದೀತು. ಪ್ಲಾಟಿನಮ್ಮಿಗೆ ಏನು ಬರುತ್ತದೆ? ಮೊದಲು ಹತ್ತುವ ಹಕ್ಕು ಅವರಿಗಿತ್ತು. ಹತ್ತಲು ವಿಮಾನವಿರಲಿಲ್ಲ. ಎರಡು ಪುಸ್ತಕಗಳ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟರೂ ವಿವರಿಸಲಾರರು.

ಈ ಪುರಾಣವಿಲ್ಲದೆ ವಿಮಾನ ಹಾರಿಸಬಹುದೇ? ಹಾರಿಸಿದವರುಂಟು. ಇಂಡಿಗೊ 2006ರಲ್ಲಿ ಶುರುವಾಯಿತು. ಹದಿನೆಂಟು ವರ್ಷ ಗೋಲ್ಡೂ ಇಲ್ಲ, ಸಿಲ್ವರೂ ಇಲ್ಲ. ಕೊನೆಕೊನೆಗೆ ದೇಶದೊಳಗೆ ಹಾರುವ ಅರ್ಧಕ್ಕಿಂತ ಹೆಚ್ಚು ಪ್ರಯಾಣಿಕರು ಅದರಲ್ಲೇ ಹೋದರು. 2024ರಲ್ಲಿ ಅದಕ್ಕೂ ಬುದ್ಧಿ ಬಂತು. ಬ್ಲೂಚಿಪ್ ಎಂದು ಯೋಜನೆ. ಎಲ್ಲರೂ ನೀಲಿಯೇ. ಆದರೆ ನೀಲಿಯಲ್ಲೂ ಒಂದು, ಎರಡು, ಮೂರು. ವರ್ಣವಿಲ್ಲ ಎಂದರು, ಒಂದೇ ಬಣ್ಣದಲ್ಲಿ ಮೂರು ವರ್ಣ ತೆಗೆದರು.

ಈಗ ದುಡ್ಡು ಯಾರದು ಎಂಬ ಪ್ರಶ್ನೆ. ಆ ಚಪ್ಪಲಿಯ ಹುಡುಗ ವಾರಕ್ಕೊಮ್ಮೆ ದೆಹಲಿಗೆ ಹೋಗುವುದು ಆಫೀಸಿನ ಖರ್ಚಿನಲ್ಲಿ. ಮೈಲಿ ಅವನಿಗೆ, ಬಾಲಿ ಅವನಿಗೆ, ಗೋಲ್ಡು ಅವನಿಗೆ. ಆಫೀಸಿಗೆ ಬಿಲ್ಲು. ಸರ್ಕಾರಕ್ಕೆ ಈ ಮಟ್ಟಿಗೆ ಎಚ್ಚರವಿದೆ. ಕೇಂದ್ರ ಹಣಕಾಸು ಇಲಾಖೆಯ 2017ರ ಪ್ರಯಾಣ ಭತ್ಯೆಯ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿದೆ. ಸರ್ಕಾರಿ ಪ್ರವಾಸದಲ್ಲಿ ಬಂದ ಮೈಲಿ ಇಲಾಖೆಯ ಕೆಲಸಕ್ಕೇ ಬಳಕೆಯಾಗಬೇಕು. ಸ್ವಂತ ಪ್ರವಾಸಕ್ಕೆ ಬಳಸಿದರೆ ಇಲಾಖಾ ಕ್ರಮ.

ಓದಿ ಸಂತೋಷವಾಯಿತು. ಆಮೇಲೆ ಇನ್ನೊಮ್ಮೆ ಓದಿದೆ. ಆ ಸಾಲಿನಲ್ಲಿ ಮೈಲಿಯ ಮಾತಿದೆ. ಕಾರ್ಡಿನ ಬಣ್ಣದ ಮಾತಿಲ್ಲ. ತೆರಿಗೆ ಕಟ್ಟುವವನ ದುಡ್ಡಿನಲ್ಲಿ ಬಂದ ಕೂಪನ್ನು ವಾಪಸ್ಸು ಕೊಡಬೇಕು. ಅದೇ ದುಡ್ಡಿನಲ್ಲಿ ಬಂದ ಮಡಿ ಸಾಹೇಬರ ಜೊತೆಗೇ ಮನೆಗೆ ಹೋಗುತ್ತದೆ. ತೆರಿಗೆ ಕಟ್ಟಿದವನು ಮೂರನೇ ಸಾಲಿನಲ್ಲಿ ನಿಂತು ನೋಡಬಹುದು.

ಜರ್ಮನಿಯಲ್ಲಿ ಮೈಲಿಗೆ ಬೆಲೆ ಕೊಟ್ಟವರೂ ಇದ್ದಾರೆ. 2002ರಲ್ಲಿ ಜನಪ್ರತಿನಿಧಿಗಳು ಸರ್ಕಾರಿ ಪ್ರವಾಸದ ಲುಫ್ತಾನ್ಸಾ ಮೈಲಿಯಲ್ಲಿ ಸ್ವಂತ ಪ್ರವಾಸ ಮಾಡಿದ್ದು ಬಯಲಾಯಿತು. ಬರ್ಲಿನ್ನಿನ ಸಚಿವ ಗ್ರೆಗರ್ ಗೀಸಿ ರಾಜೀನಾಮೆ ಕೊಟ್ಟುಬಿಟ್ಟರು. ಮೈಲಿಗಾಗಿ ರಾಜೀನಾಮೆ. ನಮ್ಮಲ್ಲಿ ಇಡೀ ಗಣಿ ಮಾಯವಾದರೂ ಕುರ್ಚಿ ಅಲುಗಾಡಿಸಲು ವರ್ಷಗಳು ಬೇಕು.

ಕಂಪನಿಯನ್ನು ಬೈದು ಕೈ ತೊಳೆದುಕೊಳ್ಳಬಹುದು. ಆದರೆ ಗೇಟಿನ ಹತ್ತಿರ ಒಮ್ಮೆ ನಿಂತು ನೋಡಿ. ಎರಡು ಸಾಲು. ಒಂದರ ಕೆಳಗೆ ಮೂರು ಅಡಿ ಅಗಲದ ಕಾರ್ಪೆಟ್ಟು. ಇನ್ನೊಂದರ ಕೆಳಗೆ ನೆಲ. ಎರಡೂ ಸೇರುವುದು ಒಂದೇ ಏರೋಬ್ರಿಡ್ಜಿಗೆ. ಹತ್ತು ಹೆಜ್ಜೆಯ ಆಚೆ ಗೋಲ್ಡಿನವನೂ ಬೇಸಿನವನೂ ಬೆವರುತ್ತಾ ಒಬ್ಬರ ಚೀಲ ಇನ್ನೊಬ್ಬರ ಬೆನ್ನಿಗೆ ತಗುಲಿಸಿ ನಿಂತಿರುತ್ತಾರೆ. ವಿಮಾನ ಎಲ್ಲರಿಗೂ ಒಟ್ಟಿಗೇ ಹೊರಡುತ್ತದೆ. ಒಟ್ಟಿಗೇ ಇಳಿಯುತ್ತದೆ. ಒಟ್ಟಿಗೇ ತಡವಾಗುತ್ತದೆ.

ಆ ಹತ್ತು ಹೆಜ್ಜೆಗಾಗಿ ಇಷ್ಟೆಲ್ಲ.

ಆ ಕಾರ್ಪೆಟ್ಟಿನ ಮೇಲೆ ನಿಂತವರು ಯಾರು? ಸಮಾನತೆಯ ಬಗ್ಗೆ ಬಸವ ಜಯಂತಿಯಂದು ಸ್ಟೇಟಸ್ ಹಾಕುವವರು. ದೇವಸ್ಥಾನದಲ್ಲಿ ವಿಶೇಷ ದರ್ಶನದ ಸಾಲು ಕಂಡರೆ ಪತ್ರಿಕೆಗೆ ಕಾಗದ ಬರೆಯುವವರು. ದೇವಸ್ಥಾನದವರು ದರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಕೊಟ್ಟರೆ ಮಾತು ಮುಗಿಯಿತು. ಇಲ್ಲಿ ಅರ್ಹತೆ ಎನ್ನುತ್ತಾರೆ. ಗಳಿಸಿದ್ದೇನೆ ಎನ್ನುತ್ತಾರೆ. ಲೌಂಜಿನಲ್ಲಿ ಕುಳಿತು, ಈಗ ಯಾರ್ಯಾರನ್ನೋ ಒಳಗೆ ಬಿಡುತ್ತಾರೆ ಎಂದು ಮೂಗು ಮುರಿಯುತ್ತಾರೆ. ಈ ವಾಕ್ಯ ನಮ್ಮ ಅಗ್ರಹಾರಗಳಲ್ಲಿ ಎಷ್ಟು ಹಳೆಯದು ಎಂದು ನೆನಪಿದೆಯೇ?

ನಾನೂ ನಿಂತಿದ್ದೇನೆ. ಎರಡು ವರ್ಷ ಸಿಲ್ವರ್ ಆಗಿದ್ದೆ. ಮೊದಲ ಸಲ ಆ ಸಾಲಿಗೆ ಹೋದಾಗ ಪಕ್ಕದ ಸಾಲನ್ನು ತಿರುಗಿ ನೋಡಿದ್ದೆ. ಯಾಕೆ ನೋಡಿದೆ? ಅವರು ನನ್ನನ್ನು ನೋಡುತ್ತಿದ್ದಾರೋ ಎಂದು. ಯಾರೂ ನೋಡುತ್ತಿರಲಿಲ್ಲ. ಒಬ್ಬ ಹೆಂಗಸು ಮಗುವಿನ ಮೂಗು ಒರೆಸುತ್ತಿದ್ದಳು. ಬೇಸರವಾಯಿತು. ಆ ಬೇಸರಕ್ಕೇ ಕಂಪನಿ ಬೆಲೆ ಕಟ್ಟಿರುವುದು.

ಮೈಲಿಗೆ ಬೇರೆ ಯಾರೂ ಬೇಕಾಗಿಲ್ಲ. ನನ್ನ ಕೂಪನ್ನು, ನನ್ನ ಟಿಕೆಟ್ಟು. ಮಡಿಗೆ ಹಾಗಲ್ಲ. ಹೊರಗೆ ನಿಲ್ಲಲು ಒಬ್ಬ ಬೇಕು. ನೆಲದ ಮೇಲಿನ ಸಾಲು ಇಲ್ಲದಿದ್ದರೆ ಕಾರ್ಪೆಟ್ಟು ಬರೀ ಬಟ್ಟೆ. ಕಂಪನಿ ಗೋಲ್ಡಿನವನಿಗೆ ಮಾರುವುದು ಸೀಟನ್ನಲ್ಲ, ಉಪ್ಪಿಟ್ಟನ್ನೂ ಅಲ್ಲ. ಮಾರುವುದು ನಮ್ಮ ಭಾವನನ್ನು. ಬಾಗಿಲಲ್ಲಿ ಫೋನು ಚಾಚಿಕೊಂಡು ನಿಂತ ಭಾವನನ್ನು. ಆ ಮಾಲಿಗೆ ಭಾವನಿಗೆ ಒಂದು ಪೈಸೆ ಕಮಿಷನ್ನೂ ಇಲ್ಲ.

ಭಾವನ ಮೈಲಿ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಮಗಳು ಸ್ಯಾನ್ ಹೊಸೆಯಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಕ್ಕನನ್ನು ಕಳಿಸಲು ಕೂಡಿಟ್ಟಿದ್ದು. ಜನವರಿಯಲ್ಲಿ ನೋಡಿದಾಗ ಒಂದು ಲಕ್ಷ ಮೈಲಿಗೆ ಸೀಟಿತ್ತು. ವೀಸಾ ಕೈಗೆ ಬರುವಷ್ಟರಲ್ಲಿ ಅದೇ ಸೀಟಿಗೆ ಒಂದೂವರೆ ಲಕ್ಷ. ನಲವತ್ತು ವರ್ಷ ಬಡ್ಡಿ ಲೆಕ್ಕ ಹಾಕಿದವರು ಪರದೆಯನ್ನೇ ನೋಡುತ್ತ ಕುಳಿತರು. ಆಮೇಲೆ ಇ-ಮೇಲ್ ಬಂತು. ನಿಮ್ಮ ಮೈಲಿಯ ಅವಧಿ ಮುಗಿಯುತ್ತಿದೆ, ಬೇಗ ಸಂಭ್ರಮಿಸಿ.

ಭಾವ ಸಂಭ್ರಮಿಸಿದರು. ಅಕ್ಕನ ಟಿಕೆಟ್ಟಿಗೆ ದುಡ್ಡು ಕೊಟ್ಟರು. ಮೈಲಿಗೆ ಕೆಟಲಾಗಿನಿಂದ ಒಂದು ದೊಡ್ಡ ಟ್ರಾಲಿ ಪೆಟ್ಟಿಗೆ, ಒಂದು ಕೈಗಡಿಯಾರ, ಒಂದು ಮಿಕ್ಸಿ ತರಿಸಿದರು. "ಒಂದು ಮದುವೆ ಮಾಡಿ ಒಂದು ಮಿಕ್ಸಿ ಸಂಪಾದಿಸಿದ್ರಿ," ಅಂದಳು ಅಕ್ಕ.

ಅವಳನ್ನು ವಿಮಾನ ಹತ್ತಿಸಿ ಇಬ್ಬರೂ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಬಂದೆವು. ಮೈಸೂರಿನ ಕೆಂಪು ಬಸ್ಸು ತಿರುಗಿಕೊಂಡು ಬರುತ್ತಿತ್ತು. ಭಾವ ಎಪ್ಪತ್ತರ ಸಮೀಪದಲ್ಲಿದ್ದಾರೆ. ಓಡಿದರು. ಕಿಟಕಿಯಿಂದ ಕೈ ತೂರಿಸಿ ಕರ್ಚೀಫು ಹಾಕಿದರು. ಸೀಟು ಸಿಕ್ಕಿತು.

ಕರ್ಚೀಫಿನ ಬಣ್ಣ ಯಾವುದೆಂದು ಕಂಡಕ್ಟರ್ ಕೇಳಲಿಲ್ಲ.